ಎಡವೋ ಬಲವೋ: ಸ್ವಸಾದೃಶ್ಯ ಮತ್ತು ಸಮಮಿತಿಯ ಚಿತ್ರ ಒಗಟುಗಳನ್ನು ಬಿಡಿಸುವ, ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದು ಕಾಗದದ ನಡುವೆ ಉದ್ದಕ್ಕೆ ಗೆರೆ ಎಳೆದು, ಎಡಗಡೆ ಆರು, ಬಲಗಡೆ ಆರು ಚಿತ್ರಗಳನ್ನು ಬರೆಯಿರಿ. ಎಡಗಡೆಯ ಆರಕ್ಕೂ ಒಪ್ಪುವ, ಬಲಗಡೆಯ ಒಂದಕ್ಕೂ ಒಪ್ಪದ ನಿಯಮವೊಂದು ಅದರಲ್ಲಿ ಅಡಗಿರಬೇಕು. ಅದನ್ನು ಬಾಯಿಬಿಟ್ಟು ಹೇಳದೆ, ನೋಡುವವರೇ ಕಂಡುಹಿಡಿಯಲು ಬಿಡಬೇಕು. ಕಂಪ್ಯೂಟರಿಗೆ ಆಕೃತಿಗಳನ್ನು ಗುರುತಿಸಲು ಕಲಿಸುವುದು ಹೇಗೆ ಎಂದು ಚಿಂತಿಸುತ್ತಿದ್ದ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬೊಂಗಾರ್ಡ್ ಇಂಥ 100 ಒಗಟುಗಳನ್ನು 1967ರಲ್ಲಿ ಪ್ರಕಟಿಸಿದರು. ಅಂದಿನಿಂದ ಇವುಗಳಿಗೆ ಅವರ ಹೆಸರೇ ನಿಂತಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ, ಜೂನ್ ತಿಂಗಳ ಮಳೆಗೆ ಆಟದ ಪಿರಿಯಡ್ ಕೊಚ್ಚಿಹೋದ ದಿನಗಳಲ್ಲಿ, ನಾನು ಮಕ್ಕಳ ಮುಂದೆ ಇವನ್ನು ಇಡಲು ತೊಡಗಿದೆ. ಹಲವು ಬಗೆಯ ಒಗಟುಗಳಲ್ಲಿ ಮಕ್ಕಳೂ ನಾನೂ ಹೆಚ್ಚು ಎಡವಿದ್ದು ಸ್ವಸಾದೃಶ್ಯದ, ಎಂದರೆ ಇಡಿಯ ರೂಪವೇ ತುಂಡಿನಲ್ಲಿಯೂ ಸಣ್ಣದಾಗಿ ಕಾಣಿಸಿಕೊಳ್ಳುವ, ಚಿತ್ರಗಳಲ್ಲಿ. ಆದುದರಿಂದ ಈ ಬರಹವನ್ನು ಅದಕ್ಕೂ ಅದರ ನೆರೆಯ ಸಮಮಿತಿಗೂ ಸೀಮಿತಗೊಳಿಸಿದ್ದೇನೆ.

ಬೇಕಾಗುವ ಸಾಮಾನು

ಒಂದು ಸಣ್ಣ ಕನ್ನಡಿ ಪಟ್ಟಿ, ಗುಂಡುಸೂಜಿ, ಟ್ರೇಸಿಂಗ್ ಕಾಗದ, ಗ್ರಾಫ್ ಕಾಗದ, ಮಿಲಿಮೀಟರ್ ಗುರುತಿರುವ ಸ್ಕೇಲು ಇದ್ದರೆ ಆಯಿತು. ಇವುಗಳ ಜೊತೆಗೆ, ಚಿತ್ರವನ್ನು ಕುಗ್ಗಿಸಿ ಪಾರದರ್ಶಕ ಹಾಳೆಯ ಮೇಲೆ ತೆಗೆದುಕೊಡುವ ಜೆರಾಕ್ಸ್ ಅಂಗಡಿಯೊಂದು ಹತ್ತಿರದಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಅಂಗಡಿಯಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿ: 50 ಶೇಕಡಾ ಎಂದರೆ ಉದ್ದ ಅರ್ಧವಾಗಬೇಕು. ಆಗ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ವಿಸ್ತೀರ್ಣವನ್ನು ಅರ್ಧ ಮಾಡಬೇಕಿದ್ದರೆ ಯಂತ್ರದಲ್ಲಿ 71 ಶೇಕಡಾ ಒತ್ತಬೇಕು. ಒಮ್ಮೆ ನನ್ನ ಚಿತ್ರಗಳನ್ನು ಅಂಗಡಿಯವರು ಕಾಗದಕ್ಕೆ ಸರಿಯಾಗಿ ಕೂರಲಿ ಎಂದು ಅಡ್ಡಕ್ಕೆ ಒಂದಿಷ್ಟು, ಉದ್ದಕ್ಕೆ ಇನ್ನೊಂದಿಷ್ಟು ಕುಗ್ಗಿಸಿ ಕೊಟ್ಟಿದ್ದರು. ಚೌಕಗಳೆಲ್ಲ ಆಯತಗಳಾಗಿ, ಎರಡು ಪಿರಿಯಡ್‌ಗಳ ತಯಾರಿ ನೀರಿಗೆ ಹೋಯಿತು. ಅಂಗಡಿಯಿಂದ ಹೊರಡುವ ಮೊದಲು ಸ್ಕೇಲು ಇಟ್ಟು ಎರಡೂ ದಿಕ್ಕುಗಳಲ್ಲಿ ಅಳೆದು ನೋಡಿ.

ಮೊದಲನೆಯ ಹೆಜ್ಜೆ: ವಸ್ತುವಿನ ಹೆಸರನ್ನು ಮರೆಯಿರಿ

ಚಿತ್ರ ಕಂಡೊಡನೆ ‘ಇದು ಎಲೆ, ಇದು ಶಂಖ, ಇದು ರಂಗೋಲಿ’ ಎಂದು ಹೆಸರಿಸುವುದು ಮನಸ್ಸಿನ ಅಭ್ಯಾಸ. ಒಗಟಿಗೆ ಆ ಹೆಸರುಗಳಿಂದ ಪ್ರಯೋಜನವಿಲ್ಲ. ಎಡಗಡೆಯ ಯಾವುದಾದರೂ ಎರಡು ಚಿತ್ರಗಳನ್ನು, ಅದರಲ್ಲಿಯೂ ಒಂದಕ್ಕೊಂದು ಅತ್ಯಂತ ಬೇರೆಯಾಗಿ ಕಾಣುವ ಎರಡನ್ನು, ಆರಿಸಿಕೊಂಡು ಇವೆರಡರಲ್ಲಿ ಸಮಾನವಾದದ್ದು ಏನು ಎಂದು ಕೇಳಿಕೊಳ್ಳಿ. ಆಮೇಲೆ ಎಡದ ಒಂದನ್ನು, ಅದಕ್ಕೆ ಬಹಳ ಹತ್ತಿರವಾಗಿ ಕಾಣುವ ಬಲದ ಒಂದನ್ನು ಜೊತೆಗಿಟ್ಟು, ಇಷ್ಟು ಹೋಲುತ್ತಿದ್ದರೂ ಇವು ಬೇರೆ ಬೇರೆ ಕಡೆ ಇರುವುದು ಏಕೆ ಎಂದು ಕೇಳಿಕೊಳ್ಳಿ. ಒಗಟು ಚೆನ್ನಾಗಿ ಕಟ್ಟಿದ್ದಾದರೆ ಉತ್ತರ ಈ ಎರಡನೆಯ ಪ್ರಶ್ನೆಯಿಂದಲೇ ಬರುತ್ತದೆ.

ತೋಟದಿಂದಲೇ ಒಂದು ಜೋಡಿ ತೆಗೆದುಕೊಳ್ಳೋಣ. ಎಡಗಡೆ ಜರಿಗಿಡದ ಎಲೆ, ಬಲಗಡೆ ತೆಂಗಿನ ಮಡಲು. ದೂರದಿಂದ ಎರಡೂ ಒಂದೇ: ನಡುವೆ ಒಂದು ದಂಟು, ಇಕ್ಕೆಲಗಳಲ್ಲಿ ಸಾಲಾಗಿ ಗರಿ, ತುದಿಗೆ ಹೋದಂತೆ ಸಣ್ಣದಾಗುವ ಆಕಾರ. ಈಗ ಮಡಲಿನಿಂದ ಒಂದು ಗರಿಯನ್ನು ಸೀಳಿ ಕೈಗೆ ತೆಗೆದುಕೊಳ್ಳಿ; ನಡುವೆ ಕಡ್ಡಿ ಇರುವ ಒಂದು ಪಟ್ಟಿಯಲ್ಲದೆ ಅದರಲ್ಲಿ ಬೇರೇನೂ ಇಲ್ಲ. ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗದ ಬಾಯಿಯ ಬಳಿ ಮುರಕಲ್ಲಿನ ತಂಪಿಗೆ ಅಂಟಿ ಬೆಳೆದ, ಎರಡು ಮೂರು ಸಲ ಕವಲೊಡೆಯುವ ಜರಿಯ ಒಂದು ಗರಿಯನ್ನು ಹಾಗೆಯೇ ಕಿತ್ತು ನೋಡಿ; ಅದರ ನಡುವೆ ಮತ್ತೊಂದು ಸಣ್ಣ ದಂಟು, ಆ ದಂಟಿನ ಇಕ್ಕೆಲಗಳಲ್ಲಿ ಇನ್ನೂ ಸಣ್ಣ ಗರಿಗಳು. ಕಿತ್ತ ತುಂಡನ್ನು ಇಡೀ ಎಲೆಯ ಪಕ್ಕದಲ್ಲಿಟ್ಟರೆ ಮರಿಯನ್ನು ತಾಯಿಯ ಪಕ್ಕದಲ್ಲಿ ಇಟ್ಟಂತೆ. ಮಡಲಿನಲ್ಲಿ ಒಂದೇ ಅಳತೆಯ ಆವರ್ತನೆ ಇದೆ, ಜರಿಯಲ್ಲಿ ಅಳತೆಯಿಂದ ಅಳತೆಗೆ ಇಳಿಯುವ ಆವರ್ತನೆ ಇದೆ. ಈ ವ್ಯತ್ಯಾಸ ಬೆರಳಿನಿಂದ ಕಿತ್ತು ನೋಡಿದವರಿಗೆ ಬೋರ್ಡಿನ ಮೇಲೆ ವಿವರಿಸಬೇಕಾಗಿಯೇ ಬರುವುದಿಲ್ಲ. ಅಡಿಕೆಯ ಸೋಗೆಯೂ ಮಡಲಿನ ಪಂಗಡಕ್ಕೇ ಸೇರುತ್ತದೆ. ಆದರೆ ಅದೇ ಮರದ ಹೂಗೊಂಚಲು, ಎಂದರೆ ಹಿಂಗಾರ, ಕವಲೊಳಗೆ ಕವಲಾಗಿ ಒಡೆಯುತ್ತದೆ. ಒಂದೇ ಮರ ಒಗಟಿನ ಎರಡೂ ಕಡೆಗೆ ಚಿತ್ರ ಒದಗಿಸುವುದು ನನಗೆ ಬಹಳ ಮೆಚ್ಚಿಗೆಯ ಸಂಗತಿ.

ಎರಡನೆಯ ಹೆಜ್ಜೆ: ಸಮಮಿತಿಯನ್ನು ಬೇರ್ಪಡಿಸಿ

ಸ್ವಸಾದೃಶ್ಯವನ್ನು ಹುಡುಕುವ ಮೊದಲು ಸಮಮಿತಿಯ ಲೆಕ್ಕ ತೀರಿಸಿಕೊಳ್ಳಿ. ಕಣ್ಣು ಅದನ್ನು ಬೇಗ ಹಿಡಿಯುತ್ತದೆ, ಮತ್ತು ಅದರಿಂದಲೇ ಬೇಗ ಮೋಸಹೋಗುತ್ತದೆ. ಚಿತ್ರದ ನಡುಗೆರೆಯ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಕನ್ನಡಿಯಲ್ಲಿ ಕಾಣುವ ಅರ್ಧವೂ ಅದರ ಹಿಂದೆ ಅಡಗಿರುವ ಅರ್ಧವೂ ಒಂದೇ ಆದರೆ ಅದು ಕನ್ನಡಿ ಸಮಮಿತಿ. ತಿರುಗು ಸಮಮಿತಿಗೆ ಟ್ರೇಸಿಂಗ್ ಕಾಗದದಲ್ಲಿ ಪ್ರತಿ ತೆಗೆದು, ಕೇಂದ್ರಕ್ಕೆ ಗುಂಡುಸೂಜಿ ಚುಚ್ಚಿ, ಒಂದು ಪೂರ್ತಿ ಸುತ್ತಿನಲ್ಲಿ ಎಷ್ಟು ಸಲ ಪ್ರತಿಯು ಮೂಲದ ಮೇಲೆ ಸರಿಯಾಗಿ ಕೂರುತ್ತದೆ ಎಂದು ಎಣಿಸಿ.

ಈ ಎರಡು ಯಾವಾಗಲೂ ಜೊತೆಯಲ್ಲಿಯೇ ಬರುತ್ತವೆ ಎಂಬ ಭ್ರಮೆಯನ್ನು ಬಿಡಿಸಲು ಸ್ವಸ್ತಿಕ ಒಂದೇ ಸಾಕು: ಅದು ನಾಲ್ಕು ಸಲ ಕೂರುತ್ತದೆ, ಆದರೆ ಎಲ್ಲಿ ಕನ್ನಡಿ ಇಟ್ಟರೂ ಒಪ್ಪುವುದಿಲ್ಲ. ಒಂಟಿಸುತ್ತಿನ ನಂದಿಬಟ್ಟಲ ಹೂವಿನ ಐದು ಎಸಳುಗಳು ಗಾಳಿಗಿರಗಟೆಯ ಹಾಗೆ ಒಂದೇ ಕಡೆಗೆ ವಾಲಿಕೊಂಡಿರುವುದರಿಂದ ಅದೂ ಇದೇ ಜಾತಿ. ಸಮುದ್ರದ ಮರಳಿನ ಮೇಲೆ ನಡೆದವರ ಹೆಜ್ಜೆಸಾಲು ಇನ್ನೊಂದು ಬಗೆ: ಎಡಹೆಜ್ಜೆಯನ್ನು ಮುಂದಕ್ಕೆ ಜಾರಿಸಿ ಕನ್ನಡಿಯಲ್ಲಿ ಮಗುಚಿದರೆ ಬಲಹೆಜ್ಜೆ ಸಿಗುತ್ತದೆ, ಬರೀ ಕನ್ನಡಿ ಸಾಲದು, ಬರೀ ಜಾರಿಸಿದರೂ ಸಾಲದು. ಒಂದೇ ಸಾಲಿನಲ್ಲಿ ಮುಂದುವರಿಯುವ ಅಂಚಿನ ವಿನ್ಯಾಸಗಳಲ್ಲಿ ಸಮಮಿತಿಯ ಬಗೆಗಳು ಒಟ್ಟು 7 ಮಾತ್ರ. ನೆಲದ ಹಂಚಿನಂತೆ ಎರಡು ದಿಕ್ಕುಗಳಿಗೆ ಹರಡುವ ವಿನ್ಯಾಸಗಳಲ್ಲಿ 17. ರಷ್ಯದ ಸ್ಫಟಿಕವಿಜ್ಞಾನಿ ಫೆದೊರೊವ್ ಇದನ್ನು 1891ರಲ್ಲಿಯೇ ಸಾಧಿಸಿ ತೋರಿಸಿದ್ದರು.

ಎರಡು ಲಿಪಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನೊಂದು ಅಭ್ಯಾಸವೂ ಇದೆ. ಬಸ್ಸಿನ ಬೋರ್ಡು, ಅಂಗಡಿಯ ಫಲಕಗಳಿಂದ ಅಕ್ಷರಗಳನ್ನು ಬರೆದುಕೊಂಡು ಕನ್ನಡಿಯಿಂದ ಪರೀಕ್ಷಿಸಲು ಹೇಳಿ. ಮಲಯಾಳದ ಠಕಾರ ಬರೀ ಒಂದು ವೃತ್ತ, ಕನ್ನಡಿಯನ್ನು ಕೇಂದ್ರದ ಮೂಲಕ ಹೇಗೆ ಇಟ್ಟರೂ ಒಪ್ಪುತ್ತದೆ. ಕನ್ನಡದ ಠಕಾರವೂ ಹೊಟ್ಟೆಯ ಮಟ್ಟಿಗೆ ಒಪ್ಪುವಂತೆ ಕಂಡರೂ ತಲೆಕಟ್ಟಿನ ಕೊಂಕು ಅದನ್ನು ಕೆಡಿಸುತ್ತದೆ. ಒಂದು ಸಣ್ಣ ಕೊಂಡಿ ಇಡೀ ಚಿತ್ರವನ್ನು ಎಡದಿಂದ ಬಲಕ್ಕೆ ದಾಟಿಸಬಲ್ಲುದು ಎನ್ನುವುದನ್ನು ಇದರಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೆಯ ಹೆಜ್ಜೆ: ಕುಗ್ಗಿಸಿ, ಮೇಲಿಟ್ಟು ನೋಡಿ

ಇದೇ ಮುಖ್ಯ ಪರೀಕ್ಷೆ. ‘ಒಳಗೊಳಗೆ ಅದೇ ಇದೆ’ ಎಂದು ಅನಿಸಿದರೆ ಸಾಲದು. ಯಾವ ತುಂಡು, ಎಷ್ಟು ಕುಗ್ಗಿಸಿದ್ದು, ಎಷ್ಟು ತಿರುಗಿಸಿದ್ದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬರಬೇಕು. ಚಿತ್ರದ ಕುಗ್ಗಿಸಿದ ಪ್ರತಿಯನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆದು ಮೂಲದ ಮೇಲೆ ಸರಿಸುತ್ತಾ ಹೋಗಿ; ಎಲ್ಲಿಯಾದರೂ ಗೆರೆಗೆ ಗೆರೆ ಕೂಡಿದರೆ ಆ ಚಿತ್ರ ಎಡಕ್ಕೆ.

ಕೇಂದ್ರ ಒಂದೇ ಆಗಿರುವ ವೃತ್ತಗಳಿಂದ ತೊಡಗಿ. ತ್ರಿಜ್ಯಗಳು 2, 4, 6, 8 ಸೆಂಟಿಮೀಟರ್ ಇರುವ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದರೆ 1, 2, 3, 4 ಸಿಗುತ್ತದೆ. ಮೇಲಿಟ್ಟಾಗ 1 ಮತ್ತು 3 ಖಾಲಿ ಜಾಗದಲ್ಲಿ ಬೀಳುತ್ತವೆ. ತ್ರಿಜ್ಯಗಳು 1, 2, 4, 8 ಆಗಿದ್ದರೆ ಕುಗ್ಗಿದ್ದು ಅರ್ಧ, 1, 2, 4. ತೀರಾ ಒಳಗಿನ ಒಂದನ್ನು ಬಿಟ್ಟು ಎಲ್ಲವೂ ಹಳೆಯ ವೃತ್ತಗಳ ಮೇಲೆಯೇ ಕೂರುತ್ತವೆ. ಆ ಒಳಗಿನದೂ ಚಿತ್ರವನ್ನು ಇನ್ನೊಂದು ಹಂತ ಮುಂದುವರಿಸಿದ್ದರೆ ಕೂರುತ್ತಿತ್ತು. ಸುರುಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೊಳ್ಳೆಬತ್ತಿಯ ಸುರುಳಿಯಲ್ಲಿ ಸುತ್ತಿನಿಂದ ಸುತ್ತಿಗೆ ಅಂತರ ಒಂದೇ. ಕುಗ್ಗಿಸಿದರೆ ಅಂತರವೂ ಕುಗ್ಗಿ, ಎಷ್ಟೇ ತಿರುಗಿಸಿದರೂ ಮೂಲದ ಮೇಲೆ ಕೂರಲಾರದು. ಶಂಖದ ಸುರುಳಿ ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಪಟ್ಟು ಹಿಗ್ಗುತ್ತಾ ಹೋಗುವುದರಿಂದ, ಕುಗ್ಗಿಸಿ ಸ್ವಲ್ಪ ತಿರುಗಿಸಿದರೆ ಕೂರುತ್ತದೆ. ತರಗತಿಯಲ್ಲಿ ಸೊಳ್ಳೆಬತ್ತಿಯನ್ನು ಎಡಕ್ಕೆ ಹಾಕದವರು ಮೊದಲ ಸಲಕ್ಕೆ ಯಾರೂ ಇರಲಿಲ್ಲ. ನಾನು ಬೇಕೆಂದೇ ಅದನ್ನು ಶಂಖದ ಪಕ್ಕದಲ್ಲಿ ಇಡುತ್ತೇನೆ.

ಇಲ್ಲೊಂದು ಸೂಕ್ಷ್ಮವಿದೆ. 1, 2, 4, 8ರ ವೃತ್ತಗಳು ಕೇಂದ್ರದ ಸುತ್ತ ಮಾತ್ರ ಸ್ವಸಾದೃಶ್ಯವಾಗಿವೆ. ಅಂಚಿನ ಒಂದು ತುಂಡನ್ನು ಕತ್ತರಿಸಿದರೆ ಬರೀ ಕಮಾನು ಸಿಗುತ್ತದೆ. ಪೋಲೆಂಡಿನ ಗಣಿತಜ್ಞ ಸಿಯರ್‌ಪಿನ್‌ಸ್ಕಿ 1915ರಲ್ಲಿ ವಿವರಿಸಿದ ತ್ರಿಕೋನದಲ್ಲಿ (ಸಮಬಾಹು ತ್ರಿಕೋನವನ್ನು ನಾಲ್ಕು ಸಮ ತ್ರಿಕೋನಗಳಾಗಿ ಮಾಡಿ, ನಡುವಿನದನ್ನು ತೆಗೆದು, ಉಳಿದ ಮೂರಕ್ಕೂ ಹಾಗೆಯೇ ಮಾಡುತ್ತಾ ಹೋದರೆ ಸಿಗುವ ಚಿತ್ರ ಅದು) ಹಾಗಲ್ಲ: ಅದರ ಎಲ್ಲಿ ಬೆರಳಿಟ್ಟರೂ ಆ ಬೆರಳಿನಡಿಯಲ್ಲಿ ಇಡೀ ತ್ರಿಕೋನದ ಮರಿಯೊಂದು ಇರುತ್ತದೆ. ಒಂದೇ ಒಗಟಿನ ಎಡಗಡೆ ಈ ಎರಡು ಬಗೆಗಳನ್ನೂ ಬೆರೆಸಬಹುದು, ಅಥವಾ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟು ಹೆಚ್ಚು ಕಠಿನವಾದ ಒಗಟನ್ನೇ ಮಾಡಬಹುದು. ಯಾವುದು ಉದ್ದೇಶ ಎಂಬುದು ಕಟ್ಟುವವರಿಗೆ ಮೊದಲೇ ತಿಳಿದಿರಬೇಕು.

ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ಫಾನ್ ಕೋಕ್ 1904ರಲ್ಲಿ ಕೊಟ್ಟ ವಕ್ರರೇಖೆಯಲ್ಲಿ ಇನ್ನೊಂದು ಬಲೆ ಇದೆ. ಒಂದು ಗೆರೆಯನ್ನು ಮೂರು ಭಾಗ ಮಾಡಿ, ನಡುವಿನದನ್ನು ತೆಗೆದು, ಆ ಜಾಗದಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳನ್ನು ಗುಡಾರದಂತೆ ನಿಲ್ಲಿಸುವುದು, ಹೊಸ ನಾಲ್ಕು ಗೆರೆಗಳಿಗೂ ಹಾಗೆಯೇ ಮಾಡುವುದು, ಹೀಗೆ ಮುಂದುವರಿಸುವುದು. ಮೂರು ಕೋಕ್ ರೇಖೆಗಳನ್ನು ಸಮಬಾಹು ತ್ರಿಕೋನದ ಬದಿಗಳಿಗೆ ಹಚ್ಚಿದರೆ ಹಿಮದ ಹರಳಿನ ಹೊರಗೆರೆ ಬರುತ್ತದೆ. ಪುಸ್ತಕಗಳಲ್ಲಿ ಈ ಹರಳೇ ಸ್ವಸಾದೃಶ್ಯಕ್ಕೆ ಮೊದಲ ಚಿತ್ರವಾಗಿ ಕಾಣಿಸಿಕೊಳ್ಳುವುದುಂಟು. ಆದರೆ ಹೊರಗೆರೆಯನ್ನು ಮಾತ್ರ ನೋಡಿದರೆ, ತನ್ನನ್ನು ತಾನು ಎಲ್ಲಿಯೂ ದಾಟದ ಒಂದು ಮುಚ್ಚಿದ ಗೆರೆಯೊಳಗೆ ಅಂಥದೇ ಸಣ್ಣ ಮುಚ್ಚಿದ ಗೆರೆಯೊಂದು ಭಾಗವಾಗಿ ಇರಲು ಸಾಧ್ಯವೇ ಇಲ್ಲ. ಸ್ವಸಾದೃಶ್ಯ ಇರುವುದು ಪ್ರತಿಯೊಂದು ಬದಿಗೆ, ಇಡೀ ಸುತ್ತಿಗಲ್ಲ. ಆದುದರಿಂದ ಹರಳನ್ನು ಎಡಗಡೆ ಇಟ್ಟು, ನಿಯಮವನ್ನು ‘ಇಡೀ ಚಿತ್ರದ ಮರಿ ಒಳಗಿದೆ’ ಎಂದು ಬರೆದುಕೊಂಡರೆ ನಿಮ್ಮ ಒಗಟೇ ತಪ್ಪು. ನಾನು ಈಗ ಹರಳಿನ ಬದಲು ಒಂದು ಬದಿಯನ್ನು ಮಾತ್ರ ಬಳಸುತ್ತೇನೆ.

ಪ್ರಕೃತಿಯ ಚಿತ್ರಗಳಿಗೆ ಇಷ್ಟು ಬಿಗಿ ಬೇಡ. ಜರಿಗಿಡ ಎರಡು ಮೂರು ಹಂತಕ್ಕೆ ನಿಂತುಬಿಡುತ್ತದೆ. ಕವಲೊಡೆದು ಚಂದ್ರಗಿರಿ ಹೊಳೆಯನ್ನು ಸೇರುವ ತೊರೆಗಳ ನಕ್ಷೆಯಲ್ಲಿ ಯಾವ ಕವಲೂ ಇನ್ನೊಂದರ ಪಡಿಯಚ್ಚಲ್ಲ, ಬರೀ ಒಂದೇ ಮಾದರಿಯ ಕವಲುಗಳು. ಭೂವಿಜ್ಞಾನಿಗಳು ಬಂಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದು ಇದೇ ಕಾರಣಕ್ಕೆ, ಅದಿಲ್ಲದಿದ್ದರೆ ಫೋಟೋದಲ್ಲಿರುವುದು ಒಂದು ಗೇಣಿನ ಬಿರುಕೋ ಒಂದು ಕಣಿವೆಯೋ ತಿಳಿಯುವುದಿಲ್ಲ. ಕನಿಷ್ಠ ಎರಡು ಹಂತ ಇಳಿದರೆ ಎಡಕ್ಕೆ ಎಂಬುದು ನನ್ನ ಕಟ್ಟಳೆ.

ನಾಲ್ಕನೆಯ ಹೆಜ್ಜೆ: ತುಂಡುಗಳನ್ನು ಎಣಿಸುವಾಗ ಎಚ್ಚರ

ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ, ಎಷ್ಟು ಹತ್ತಿರದಿಂದ ನೋಡಿದರೂ ಮುರುಕು ಮುಗಿಯದ ಆಕೃತಿಗಳಿಗಾಗಿ ‘ಫ್ರಾಕ್ಟಲ್’ ಎಂಬ ಪದವನ್ನು ಮುರಿದದ್ದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಟಂಕಿಸಿದರು. ಸ್ವಸಾದೃಶ್ಯವಿದ್ದದ್ದೆಲ್ಲ ಫ್ರಾಕ್ಟಲ್ ಅಲ್ಲ. ತುಂಬಿದ ಚೌಕವನ್ನು ನಾಲ್ಕು ಸಣ್ಣ ಚೌಕಗಳಾಗಿ ಕತ್ತರಿಸಬಹುದು, ಅದರಲ್ಲಿ ಮುರುಕು ಏನೂ ಇಲ್ಲ. ನಿಮ್ಮ ಎ-4 ಕಾಗದವೇ ಇನ್ನೊಂದು ಉದಾಹರಣೆ: 297 ಮತ್ತು 210 ಮಿಲಿಮೀಟರ್ ಬದಿಗಳ ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿದರೆ 210 ಮತ್ತು 148 ಬರುತ್ತದೆ, ಆಕಾರ ಬದಲಾಗುವುದಿಲ್ಲ. (ಹಾಳೆ ಎಂದೊಡನೆ ನಮ್ಮ ಕಡೆಯ ಮಕ್ಕಳಿಗೆ ಅಡಿಕೆಯ ಹಾಳೆಯೇ ನೆನಪಾಗುವುದರಿಂದ ತರಗತಿಯಲ್ಲಿ ನಾನು ಕಾಗದ ಎಂದೇ ಹೇಳುವುದು.) ಸಣ್ಣದನ್ನು ದೊಡ್ಡದರ ಮೂಲೆಗೆ ಹೊಂದಿಸಿ, ಉದ್ದದ ಮೇಲೆ ಉದ್ದ ಬರುವಂತೆ ಇಟ್ಟರೆ, ಎರಡರ ಕರ್ಣಗಳೂ ಒಂದೇ ಗೆರೆಯಲ್ಲಿ ಬೀಳುತ್ತವೆ. ಹಳೆಯ ಫುಲ್‌ಸ್ಕೇಪ್ ಕಾಗದಕ್ಕೆ ಇದನ್ನೇ ಮಾಡಿದರೆ ಕರ್ಣಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಹಾಗಾದರೆ ಚೌಕವನ್ನೂ ಸಿಯರ್‌ಪಿನ್‌ಸ್ಕಿ ತ್ರಿಕೋನವನ್ನೂ ಬೇರ್ಪಡಿಸುವುದು ಯಾವುದು? ಎಷ್ಟು ತುಂಡು, ಪ್ರತಿಯೊಂದೂ ಎಷ್ಟು ಪಟ್ಟು ಸಣ್ಣದು ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಮೊದಲನೆಯದರ ಲಘುಗಣಕವನ್ನು (ಕ್ಯಾಲ್ಕುಲೇಟರಿನ log) ಎರಡನೆಯದರ ಲಘುಗಣಕದಿಂದ ಭಾಗಿಸಿ. ಚೌಕಕ್ಕೆ ನಾಲ್ಕು ತುಂಡು, ಎರಡು ಪಟ್ಟು, ಉತ್ತರ 2. ಸಿಯರ್‌ಪಿನ್‌ಸ್ಕಿಗೆ ಮೂರು ತುಂಡು, ಎರಡು ಪಟ್ಟು, ಉತ್ತರ ಸುಮಾರು 1.585. ಕೋಕ್ ರೇಖೆಗೆ ನಾಲ್ಕು ತುಂಡು, ಮೂರು ಪಟ್ಟು, ಉತ್ತರ ಸುಮಾರು 1.262. ಇದನ್ನು ಆಯಾಮ ಎನ್ನುತ್ತಾರೆ. ಗೆರೆಗೆ ಅದು 1, ಚೌಕದಂಥ ಹರವಿಗೆ 2; ಕಡೆಯ ಎರಡು ಚಿತ್ರಗಳಿಗೆ ಮಾತ್ರ ಗೆರೆಗಿಂತ ಹೆಚ್ಚು, ಹರವಿಗಿಂತ ಕಡಿಮೆ.

ಬರೀ ತುಂಡುಗಳ ಎಣಿಕೆಯನ್ನೇ ನಿಯಮವಾಗಿಟ್ಟು ಒಗಟು ಕಟ್ಟಬೇಡಿ. ‘ಎಡಗಡೆ ಮೂರು ತುಂಡಿನವು, ಬಲಗಡೆ ನಾಲ್ಕು ತುಂಡಿನವು’ ಎಂದು ನಾನು ಕಟ್ಟಿದ ಒಗಟೊಂದು ಕೋಕ್ ರೇಖೆಯಿಂದಲೇ ಮುರಿದುಬಿತ್ತು. ಆ ರೇಖೆಯನ್ನು ನಡುವಿನ ಶಿಖರದಲ್ಲಿ ಕತ್ತರಿಸಿದರೆ ಎರಡು ಭಾಗಗಳಾಗುತ್ತವೆ. ಒಂದೊಂದೂ ಇಡೀ ರೇಖೆಯದೇ ಕುಗ್ಗಿದ ರೂಪ, ಕುಗ್ಗಿದ್ದು ಮೂರರ ವರ್ಗಮೂಲದಷ್ಟು ಪಟ್ಟು. ಅಂದಮೇಲೆ ಅದು ನಾಲ್ಕು ತುಂಡಿನದೂ ಹೌದು, ಎರಡು ತುಂಡಿನದೂ ಹೌದು. ಆದರೆ ಭಾಗಾಕಾರ ಮಾಡಿ ನೋಡಿ, ಎರಡು ಲೆಕ್ಕಕ್ಕೂ ಆಯಾಮ 1.262 ಆಗಿಯೇ ಉಳಿಯುತ್ತದೆ.

ಐದನೆಯ ಹೆಜ್ಜೆ: ನೀವೇ ಕಟ್ಟುವುದು

ನಿಯಮವನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದಿಡಿ. ಆ ವಾಕ್ಯದಲ್ಲಿ ‘ಮತ್ತು’, ‘ಅಥವಾ’ ನುಸುಳಿದ್ದರೆ ಒಗಟು ಇನ್ನೂ ಹಣ್ಣಾಗಿಲ್ಲ. ಆಮೇಲೆ, ನಿಯಮವೊಂದನ್ನು ಬಿಟ್ಟು ಉಳಿದ ಎಲ್ಲವೂ ಎರಡೂ ಕಡೆ ಬೆರೆಯುವಂತೆ ನೋಡಿಕೊಳ್ಳಿ: ಗಾತ್ರ, ಬಣ್ಣ, ಗೆರೆಯ ದಪ್ಪ, ದುಂಡು ಮತ್ತು ಮೂಲೆ, ತುಂಬಿದ್ದು ಮತ್ತು ಪೊಳ್ಳು. ನನ್ನ ಮೊದಲ ಒಗಟನ್ನು ಬೋರ್ಡಿಗೆ ಅಂಟಿಸಿ ಒಂದು ನಿಮಿಷವೂ ಆಗಿರಲಿಲ್ಲ, ಹಿಂದಿನ ಬೆಂಚಿನಿಂದ ಉತ್ತರ ಬಂತು: “ಮಾಷ್ಟ್ರೇ, ಎಡಗಡೆದ್ದೆಲ್ಲ ದಪ್ಪ ಪೆನ್ನಿನಲ್ಲಿ ಬರೆದದ್ದು.” ನೋಡಿದರೆ ಹೌದು. ಎಡದ ಆರನ್ನು ಒಂದು ದಿನ, ಬಲದ ಆರನ್ನು ಇನ್ನೊಂದು ದಿನ ಬೇರೆ ಪೆನ್ನಿನಲ್ಲಿ ಬರೆದಿದ್ದೆ. ಆ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ಹನ್ನೆರಡಕ್ಕೂ ಹೊಂದುವ ನಿಯಮವನ್ನು ತಪ್ಪು ಎನ್ನಲು ಕಟ್ಟಿದವನಿಗೂ ಹಕ್ಕಿಲ್ಲ. ಈಗ ಎಡಕ್ಕೊಂದು, ಬಲಕ್ಕೊಂದು ಎಂದು ಜೋಡಿಯಾಗಿಯೇ ಬರೆಯುತ್ತೇನೆ.

ಸ್ವಸಾದೃಶ್ಯದ ಒಗಟಿನಲ್ಲಿ ಸಮಮಿತಿಯನ್ನು ಎರಡೂ ಕಡೆ ಹಂಚಲೇಬೇಕು, ಇಲ್ಲವಾದರೆ ನೋಡುವವರು ಅದನ್ನೇ ಉತ್ತರವೆಂದು ಹಿಡಿದುಕೊಳ್ಳುತ್ತಾರೆ. ಸಮಮಿತಿ ಇಲ್ಲದ ಸ್ವಸಾದೃಶ್ಯ ಬೇಕಾದರೆ ಕಾಗದದ ಉದ್ದ ಪಟ್ಟಿಯೊಂದನ್ನು ಯಾವಾಗಲೂ ಒಂದೇ ಕಡೆಗೆ ಅರ್ಧರ್ಧವಾಗಿ ಐದು ಸಲ ಮಡಚಿ, ಬಿಡಿಸಿ, ಪ್ರತಿ ಮಡಿಕೆಯನ್ನೂ ಲಂಬಕೋನಕ್ಕೆ ನಿಲ್ಲಿಸಿ; 32 ತುಂಡುಗಳ ಡ್ರ್ಯಾಗನ್ ರೇಖೆ ಏಳುತ್ತದೆ. ಅದಕ್ಕೆ ಎಲ್ಲಿಯೂ ಕನ್ನಡಿ ಒಪ್ಪುವುದಿಲ್ಲ. ಅದರ ಸೋದರ ಎನ್ನಬಹುದಾದ, ಪ್ರತಿ ಗೆರೆಯ ಬದಲು ಒಂದೇ ಕಡೆಗೆ ಲಂಬಕೋನದ ಎರಡು ಬದಿಗಳನ್ನು ನಿಲ್ಲಿಸುತ್ತಾ ಹೋಗುವ ಲೆವಿ ರೇಖೆಗೆ ಕನ್ನಡಿ ಒಪ್ಪುತ್ತದೆ. ಎರಡೂ ಎಡಕ್ಕೇ. ಬಲಗಡೆಗೆ ಸ್ವಸ್ತಿಕ, ಹೆಜ್ಜೆಸಾಲು, ಎಂಟು ದಳದ ರಂಗೋಲಿ ಹಾಕಿದರೆ ತಕ್ಕಡಿ ಸಮವಾಗುತ್ತದೆ.

ಸಿಯರ್‌ಪಿನ್‌ಸ್ಕಿ ತ್ರಿಕೋನವನ್ನು ಸ್ಕೇಲು ಹಿಡಿದು ಬರೆಯುವುದು ಬೇಸರದ ಕೆಲಸ. ಅದರ ಬದಲು ಪಿಂಗಳನ ಛಂದಸ್ಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ಬರೆದ ವ್ಯಾಖ್ಯಾನದಲ್ಲಿ ಹಲಾಯುಧ ವಿವರಿಸಿದ ಮೇರುಪ್ರಸ್ತಾರವನ್ನು (ಇಂದಿನ ಪಾಸ್ಕಲ್ ತ್ರಿಕೋನ) ಗ್ರಾಫ್ ಕಾಗದದಲ್ಲಿ 16 ಸಾಲುಗಳವರೆಗೆ ತುಂಬಿಸಿ. ತುದಿಗೂ ಎರಡು ಅಂಚುಗಳಿಗೂ 1 ಬರೆದು, ಉಳಿದೆಡೆ ಮೇಲಿನ ಎರಡು ಮನೆಗಳನ್ನು ಕೂಡಿಸಿ ಕೆಳಗಿನ ಮನೆಗೆ ಬರೆಯುವುದಷ್ಟೇ ಕೆಲಸ. ಬೆಸ ಸಂಖ್ಯೆಯ ಮನೆಗಳಿಗೆಲ್ಲ ಬಣ್ಣ ಹಚ್ಚಿ. 136 ಮನೆಗಳಲ್ಲಿ 81ಕ್ಕೆ ಬಣ್ಣ ಬರಬೇಕು. 80 ಅಥವಾ 82 ಬಂದರೆ ಎಲ್ಲಿಯೋ ಕೂಡಿಸುವುದು ತಪ್ಪಿದೆ. ದೊಡ್ಡ ಸಂಖ್ಯೆಗಳು ಬೇಡವೆಂದರೆ ಬೆಸ ಮತ್ತು ಸಮ ಕೂಡಿದರೆ ಬೆಸ, ಒಂದೇ ಜಾತಿಯವು ಕೂಡಿದರೆ ಸಮ ಎಂಬ ಲೆಕ್ಕದಲ್ಲಿಯೇ ಕೆಳಗಿಳಿಯಬಹುದು.

ಕೋಕ್ ರೇಖೆಗೆ ಬುಡದ ಗೆರೆಯನ್ನು 81 ಮಿಲಿಮೀಟರ್ ತೆಗೆದುಕೊಳ್ಳಿ. ಪ್ರತಿ ಹಂತಕ್ಕೆ ಗೆರೆ 27, 9, 3, 1 ಮಿಲಿಮೀಟರಿಗೆ ಇಳಿಯುತ್ತದೆ; ನಾಲ್ಕನೆಯ ಹಂತದ ಆಚೆಗೆ ಪೆನ್ಸಿಲಿನ ಮೊನೆಯೇ ಗೆರೆಗಿಂತ ದಪ್ಪ. ಆ ಹಂತದಲ್ಲಿ ಒಂದೊಂದು ಮಿಲಿಮೀಟರಿನ 256 ತುಂಡುಗಳಿರುತ್ತವೆ. ಅಂಟು ಹಚ್ಚಿ ಅದರ ಮೇಲೆ ಹೊಲಿಗೆಯ ನೂಲನ್ನು ಕೂರಿಸಿ, ಮತ್ತೆ ಬಿಚ್ಚಿ ಅಳೆದರೆ 25 ಸೆಂಟಿಮೀಟರಿನ ಮೇಲೆ ಇರಬೇಕು. 8 ಸೆಂಟಿಮೀಟರಿನ ಜಾಗದಲ್ಲಿ ಅಷ್ಟು ನೂಲು ಹಿಡಿಸಿತು ಎನ್ನುವುದನ್ನು ಮಕ್ಕಳು ನೂಲನ್ನು ಎಳೆದು ನೋಡುವವರೆಗೆ ನಂಬುವುದಿಲ್ಲ.

ಕಡೆಯದಾಗಿ, ಒಗಟನ್ನು ಅದರ ವಿಷಯವೇ ತಿಳಿಯದ ಒಬ್ಬರಿಗೆ ತೋರಿಸಿ. ಮನೆಯಲ್ಲಿ ದಿನವೂ ರಂಗೋಲಿ ಹಾಕುವವರು ಗಣಿತದ ಮೇಷ್ಟರುಗಳಿಗಿಂತ ಬೇಗ ಸಮಮಿತಿಯ ತಪ್ಪುಗಳನ್ನು ಹಿಡಿಯುತ್ತಾರೆ ಎಂಬುದು ನನ್ನ ಅನುಭವ. ಅವರು ಹೇಳಿದ ತಪ್ಪು ಉತ್ತರಗಳನ್ನು ಕಾರ್ಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿಡಿ, ಮತ್ತು ಒಂದೇ ತಪ್ಪು ಉತ್ತರ ಮೂರು ಸಲ ಬಂದರೆ ಆ ಉತ್ತರಕ್ಕೆ ದಾರಿ ಮಾಡಿಕೊಟ್ಟ ಚಿತ್ರವನ್ನು ಕಿತ್ತು, ಬೇರೆ ಚಿತ್ರ ಅಂಟಿಸಿ.